ಬೂದಿ ಇಟ್ಟಿಗೆಯೊಳಗಿನ ಸಿಮೆಂಟಿನ ಲೆಕ್ಕ

ರಾಯಚೂರಿನಿಂದ ಶಕ್ತಿನಗರದ ಕಡೆಗೆ ಹೋಗುವಾಗ ಅಲ್ಲಲ್ಲಿ ಬೂದಿ ಇಟ್ಟಿಗೆಯ ಘಟಕಗಳು ಸಿಗುತ್ತವೆ. ತಗಡಿನ ಚಪ್ಪರ, ಅದರಡಿ ಒಂದು ಮಿಕ್ಸರ್, ಒಂದು ಪ್ರೆಸ್, ಬಯಲಲ್ಲಿ ಸಾಲುಗಟ್ಟಿದ ಅಟ್ಟಿಗಳು. ಅಂಥದೊಂದನ್ನು ನಾನೂ ನನ್ನ ಅಣ್ಣನೂ ನಡೆಸುತ್ತೇವೆ. ಮಿಶ್ರಣ, ಗುಣಮಟ್ಟ, ಪ್ರಯೋಗಾಲಯದ ಓಡಾಟ ನನ್ನ ಪಾಲು. ಆಳು, ಲಾರಿ, ಬಾಕಿ ವಸೂಲಿ ಅಣ್ಣನ ಪಾಲು. ಗೇಟಿನ ಮೇಲೆ ‘ಪರಿಸರಸ್ನೇಹಿ ಇಟ್ಟಿಗೆ’ ಎಂದು ಬರೆಸಿದ್ದೇವೆ. ಈ ಧಂದೆಯಲ್ಲಿ ಎಲ್ಲರೂ ಬರೆಸುತ್ತಾರೆ. ಆ ಸ್ನೇಹ ಎಷ್ಟರ ಮಟ್ಟಿನದು ಎಂದು ಗಿರಾಕಿಗಳು ಯಾರೂ ಕೇಳಿರಲಿಲ್ಲ.

ಕೇಳಿದವರು ಬೆಂಗಳೂರಿನ ಒಬ್ಬ ವಾಸ್ತುಶಿಲ್ಪಿ. ಮಾನ್ವಿಯ ಹತ್ತಿರ ಒಂದು ಶಾಲೆಯ ಕಟ್ಟಡ ಅವರ ಕೈಯಲ್ಲಿತ್ತು. ದರ, ಅಳತೆ, ಸಾಗಣೆ ಎಲ್ಲ ಮಾತಾದ ಮೇಲೆ, “ನಿಮ್ಮ ಒಂದು ಇಟ್ಟಿಗೆಯ ಲೆಕ್ಕಕ್ಕೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ ಮೇಡಂ?” ಎಂದರು. “ಬೂದಿಯಿಂದ ಮಾಡುವುದು ಸರ್, ಭಟ್ಟಿಯಲ್ಲಿ ಸುಡುವುದೇ ಇಲ್ಲ” ಎಂದ ಅಣ್ಣ. ಮಾತು ಸುಳ್ಳಲ್ಲ. ಆದರೆ ಅವರು ಕೇಳಿದ್ದು ಸುಡುತ್ತೀರೋ ಇಲ್ಲವೋ ಎಂದಲ್ಲ, ಎಷ್ಟು ಎಂದು. ಆ ‘ಎಷ್ಟು’ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದರ ಬೆನ್ನು ಹತ್ತಿ ಸಿಮೆಂಟ್ ಇಲ್ಲದ ಬೂದಿ ಇಟ್ಟಿಗೆಯವರೆಗೆ ಹೋದದ್ದರ ಕಥೆ ಇದು.

ಮೊದಲು ಬೂದಿ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಎಂಟು ಘಟಕಗಳಿವೆ; ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಮೊದಲ ಘಟಕ ಶುರುವಾದದ್ದು 1985ರಲ್ಲಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಶೇ 30ರಿಂದ 45. ಅಂದರೆ ಮೂರು ಲೋಡು ಕಲ್ಲಿದ್ದಲು ಒಳಗೆ ಹೋದರೆ ಒಂದು ಲೋಡು ಬೂದಿ ಹೊರಗೆ ಬರುತ್ತದೆ. ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಕುಲುಮೆಯ ತಳಕ್ಕೆ ಬೀಳುವ ದಪ್ಪ ಬೂದಿ. ಉಳಿದದ್ದು ಹೊಗೆಯ ಜೊತೆ ಮೇಲೇಳುವ ಹಾರುಬೂದಿ. ಚಿಮಣಿಗೆ ಹೋಗುವ ಮುನ್ನ ವಿದ್ಯುತ್ ಬಲದಿಂದ ಅದನ್ನು ಹಿಡಿದು ಸೈಲೋ ಎಂಬ ಎತ್ತರದ ಕಣಜಕ್ಕೆ ತುಂಬುತ್ತಾರೆ. ಒಯ್ಯುವವರು ಇಲ್ಲದಿದ್ದರೆ ನೀರಿನಲ್ಲಿ ಕಲಸಿ ಹೊಂಡಕ್ಕೆ ಬಿಡುತ್ತಾರೆ. ಬೇಸಿಗೆಯಲ್ಲಿ ಆ ಹೊಂಡದ ಮೇಲಿನಿಂದ ಗಾಳಿ ಬೀಸಿದರೆ ಸುತ್ತಲಿನ ಊರುಗಳಲ್ಲಿ ಒಣಗಲು ಹಾಕಿದ ಬಟ್ಟೆ, ಮುಚ್ಚದೆ ಇಟ್ಟ ನೀರು, ಹತ್ತಿಯ ಬೆಳೆ, ಎಲ್ಲದರ ಮೇಲೂ ಬೂದಿ. ಕೇಂದ್ರ ಸರ್ಕಾರ 1999ರಲ್ಲೇ ಈ ಬೂದಿಯ ಬಳಕೆಗೆಂದು ಅಧಿಸೂಚನೆ ಹೊರಡಿಸಿತು. 2009ರ ತಿದ್ದುಪಡಿ, ಒಣಬೂದಿಯಲ್ಲಿ ಕನಿಷ್ಠ ಶೇ 20ರಷ್ಟನ್ನು ಇಟ್ಟಿಗೆ ಮಾಡುವಂಥ ಘಟಕಗಳಿಗೆ ಉಚಿತವಾಗಿ ಕೊಡಬೇಕೆಂದಿತು. 2021ರ ಡಿಸೆಂಬರಿನ ಅಧಿಸೂಚನೆ ಬಳಸದೆ ಉಳಿದ ಬೂದಿಗೆ ಟನ್ನಿಗೆ 1000 ರೂಪಾಯಿ ಪರಿಹಾರದ ಹೊರೆ ಹೊರಿಸಿತು. ಕಾಗದದಲ್ಲಿ ಎಲ್ಲ ಚೆಂದ. ಗೇಟಿನ ಮುಂದೆ ಮಾತ್ರ ಸಿಮೆಂಟ್ ಕಾರ್ಖಾನೆಗಳ ದೊಡ್ಡ ಬಲ್ಕರ್‌ಗಳ ಸಾಲು ಮುಗಿದ ಮೇಲೆ ನಮ್ಮಂಥವರ ಸರದಿ.

ಹೊರಗಿನವರಿಗೆ ಬೂದಿ ಎಂದರೆ ಎಲ್ಲವೂ ಒಂದೇ. ಕೈಯಾಡಿಸಿದವರಿಗೆ ಹಾಗಲ್ಲ. ಸೈಲೋದ ಒಣಬೂದಿಯನ್ನು ಹಿಡಿಯಲ್ಲಿ ತೆಗೆದುಕೊಂಡರೆ ನಿಲ್ಲುವುದಿಲ್ಲ, ಬೆರಳ ಸಂದಿಯಿಂದ ಹರಿದು ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಕಣಗಳು ಬಹುತೇಕ ನುಣುಪಾದ ಗುಂಡುಗಳು. ಕುಲುಮೆಯ ಬೆಂಕಿಯಲ್ಲಿ ಕರಗಿ, ಗಾಳಿಯಲ್ಲಿ ತೇಲುತ್ತಿರುವಾಗಲೇ ತಣ್ಣಗಾದ ಗಾಜಿನ ಹನಿಗಳು ಅವು. ಹೊಂಡದ ಬೂದಿ ಹಾಗಲ್ಲ. ತಳಬೂದಿಯೂ ಬೆರೆತು ಕೈಗೆ ತರಿತರಿಯಾಗಿ ಸಿಗುತ್ತದೆ, ತೇವ ಎಷ್ಟೆಂದು ಹೇಳಲಾಗದು. ಬಣ್ಣ ಕಪ್ಪಿಗೆ ತಿರುಗಿದ್ದರೆ ಕಲ್ಲಿದ್ದಲು ಪೂರ್ತಿ ಉರಿದಿಲ್ಲ ಎಂದರ್ಥ. ಹಾಗೆ ಉಳಿದ ಇದ್ದಿಲು ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಬಲ ಮಾತ್ರ ಕೊಡುವುದಿಲ್ಲ. ಹಾರುಬೂದಿಯ ಭಾರತೀಯ ಮಾನಕ ಐಎಸ್ 3812 ಈ ಸುಡದ ಭಾಗಕ್ಕೆ ಶೇ 5ರ ಮಿತಿ ಹಾಕಿದೆ. ಸೈಲೋದಿಂದಲೇ ಬಂದರೂ ಈ ವಾರದ ಬೂದಿ ಹೋದ ವಾರದ್ದರಂತೆ ಇರಬೇಕೆಂದಿಲ್ಲ. ಕಲ್ಲಿದ್ದಲು ಬರುವ ಗಣಿ ಬದಲಾದರೆ ಬೂದಿಯೂ ಬದಲಾಗುತ್ತದೆ.

ನಮ್ಮ ಮಾಮೂಲಿ ಇಟ್ಟಿಗೆಯ ಕೆಲಸ ಸರಳ. ಹಾರುಬೂದಿ, ಜಲ್ಲಿ ಒಡೆಯುವಾಗ ಬೀಳುವ ಕ್ರಷರ್ ಪುಡಿ, ಸಿಮೆಂಟ್. ಮೂರನ್ನೂ ಒಣಗಿದಂತೆಯೇ ಮಿಕ್ಸರಿಗೆ ಹಾಕಿ ತಿರುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತೇವೆ. ನೀರಿನ ಹದಕ್ಕೆ ಅಳತೆಯ ಡಬ್ಬಿಗಿಂತ ಅಂಗೈಯೇ ಗತಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅಮುಕಬೇಕು. ಉಂಡೆ ನಿಲ್ಲಬೇಕು, ಬೆರಳಿನ ಗುರುತು ಅದರ ಮೇಲೆ ಮೂಡಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಎದೆಯ ಎತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು. ಹದವಾದ ಮಿಶ್ರಣ ಪ್ರೆಸ್ಸಿಗೆ ಹೋಗಿ, ಅಚ್ಚಿನಲ್ಲಿ ಒತ್ತಿಸಿಕೊಂಡು, ಹಲಗೆಯ ಮೇಲೆ ಇಟ್ಟಿಗೆಯಾಗಿ ಹೊರಬರುತ್ತದೆ. ಮರುದಿನ ಅಟ್ಟಿ ಹಾಕಿ ಒಂದೆರಡು ವಾರ ನೀರು ಹೊಡೆದರೆ ಮಾಲು ತಯಾರು.

ಅದರಲ್ಲಿ ಸಿಮೆಂಟ್ ಎಷ್ಟು? ಬೂದಿ ಇಟ್ಟಿಗೆಯವರು ಬಾಯಿಬಿಟ್ಟು ಹೇಳದ ಗುಟ್ಟು ಇದು. ಶೇ 8 ಹಾಕಿದರೆ ಮನೆಯ ಗೋಡೆಗೆ ಬೇಕಾದ ಬಲ ಬರುತ್ತದೆ, ಆದರೆ ಕಾಯಬೇಕು. ಗುತ್ತಿಗೆದಾರನಿಗೆ ಕಾಯುವ ಪುರುಸೊತ್ತಿಲ್ಲ. ಸೋಮವಾರ ಫೋನ್ ಮಾಡಿ ಗುರುವಾರಕ್ಕೆ ಲೋಡು ಕೇಳುತ್ತಾನೆ. ಲಾರಿಯಿಂದ ಇಳಿಸುವಾಗ ಮೂಲೆ ಮುರಿದರೆ ಆ ಲೆಕ್ಕ ನಮ್ಮ ತಲೆಗೆ. ಆದ್ದರಿಂದ ಘಟಕದವರು ಶೇ 10 ಹಾಕುತ್ತಾರೆ, ಮಳೆಗಾಲದಲ್ಲಿ 12. ಸಿಮೆಂಟ್ ಹೆಚ್ಚಿದಷ್ಟೂ ಇಟ್ಟಿಗೆ ಬೇಗ ಗಟ್ಟಿಯಾಗುತ್ತದೆ, ಜಾಗ ಬೇಗ ಖಾಲಿಯಾಗುತ್ತದೆ, ದುಡ್ಡು ಬೇಗ ತಿರುಗುತ್ತದೆ. ಅಲ್ಲಿ ಕೊಂಡದ್ದು ಬಲವನ್ನಲ್ಲ, ದಿನಗಳನ್ನು.

ಆ ದಿನಗಳಿಗೆ ತೆರುವ ಬೆಲೆಯನ್ನು ನಾನು ಕೂತು ಲೆಕ್ಕ ಹಾಕಿದೆ. ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ಶೇ 44ರಷ್ಟು ಇಂಗಾಲದ ಡೈಆಕ್ಸೈಡೇ. ಬೆಂಕಿ ತಾಗಿದಾಗ ಅದು ಹಾರಿಹೋಗುತ್ತದೆ. ಉರಿಸುವ ಕಲ್ಲಿದ್ದಲಿನ ಹೊಗೆ ಬೇರೆ. ಮಾನವ ಚಟುವಟಿಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟಿನದು ಎನ್ನುವುದು ಸುಮ್ಮನೆ ಅಲ್ಲ. ಬೂದಿ ಬೆರೆಸದ ಸಾದಾ ಸಿಮೆಂಟ್ ಒಂದು ಕಿಲೋಗೆ ಸುಮಾರು 850 ಗ್ರಾಂ ಎಂದು ಹಿಡಿದೆ. ನಮ್ಮ ಇಟ್ಟಿಗೆ ಮೂರು ಕಿಲೋ ತೂಗುತ್ತದೆ. ಶೇ 8 ಎಂದರೆ 240 ಗ್ರಾಂ ಸಿಮೆಂಟ್, ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡ್. ಶೇ 12 ಎಂದರೆ 300 ಗ್ರಾಂ ಮುಟ್ಟುತ್ತದೆ. ಇನ್ನು ಕೆಂಪು ಇಟ್ಟಿಗೆ. ಕಲ್ಲಿದ್ದಲಿನ ಭಟ್ಟಿಗಳಲ್ಲಿ ಲಕ್ಷ ಇಟ್ಟಿಗೆಗೆ 15ರಿಂದ 20 ಟನ್ ಕಲ್ಲಿದ್ದಲು ಬೇಕೆಂಬುದು ರೂಢಿಯ ಲೆಕ್ಕ. ಅದೂ ಇಟ್ಟಿಗೆಗೆ 300 ಗ್ರಾಮಿನ ಆಸುಪಾಸಿಗೇ ಬರುತ್ತದೆ. ಕ್ಯಾಲ್ಕುಲೇಟರನ್ನು ಅಣ್ಣನ ಮುಂದೆ ಇಟ್ಟೆ. ಎರಡು ಸಲ ತಾನೇ ಒತ್ತಿ ನೋಡಿ, “ಬೋರ್ಡು ಇಳಿಸಬೇಕೇನು?” ಎಂದ.

ಮಣ್ಣು ಉಳಿಯುತ್ತದೆ, ಹೊಂಡ ತುಂಬುವ ಬೂದಿಗೆ ಒಂದು ದಾರಿಯಾಗುತ್ತದೆ, ಇವು ಸಣ್ಣ ಲಾಭಗಳಲ್ಲ. ಆದರೆ ಇಂಗಾಲದ ಮಾತು ಬಂದಾಗ ಬೂದಿ ಎಷ್ಟು ಹಾಕಿದಿರಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ, ಸಿಮೆಂಟ್ ಎಷ್ಟು ಬಿಟ್ಟಿರಿ ಎಂಬುದಷ್ಟೇ ಬರುತ್ತದೆ.

ಸಿಮೆಂಟ್ ಬಿಡುವ ದಾರಿ ಹೊಸತೇನಲ್ಲ. ಹಾರುಬೂದಿ ತಾನಾಗಿ ನೀರಿನಲ್ಲಿ ಗಟ್ಟಿಯಾಗದು. ಸುಣ್ಣ ಸಿಕ್ಕರೆ ಅದರೊಳಗಿನ ಗಾಜಿನಂಥ ಸಿಲಿಕಾ ನಿಧಾನವಾಗಿ ಸುಣ್ಣದೊಡನೆ ಕೂಡಿ, ಸಿಮೆಂಟಿನಲ್ಲಿ ಹುಟ್ಟುವಂಥದ್ದೇ ಅಂಟನ್ನು ಹುಟ್ಟಿಸುತ್ತದೆ. ಸ್ವಲ್ಪ ಜಿಪ್ಸಂ ಸೇರಿಸಿದರೆ ಮೊದಲ ದಿನಗಳ ಬಲ ಸುಧಾರಿಸುತ್ತದೆ. ಹಾರುಬೂದಿ, ಸುಣ್ಣ, ಜಿಪ್ಸಂ ಮೂರರ ಈ ಮಿಶ್ರಣವನ್ನು ಫಾಲ್-ಜಿ ಎಂಬ ಹೆಸರಿನಲ್ಲಿ ದೇಶದಲ್ಲಿ ಬಳಕೆಗೆ ತಂದವರು ವಿಶಾಖಪಟ್ಟಣದ ಭಾನುಮತಿದಾಸ್ ಮತ್ತು ಕಾಳಿದಾಸ್ ದಂಪತಿ. ಬೂದಿ-ಸುಣ್ಣದ ಇಟ್ಟಿಗೆಗೆ ಐಎಸ್ 12894 ಎಂಬ ಮಾನಕವೂ ಇದೆ. ದಾರಿ ಇದ್ದೂ ನಡೆಯುವವರು ಕಡಿಮೆ, ಅಷ್ಟೇ.

ನಮಗೆ ಇದರ ಹದ ಹೇಳಿಕೊಟ್ಟವರು ಒಬ್ಬ ಹಳೆಯ ಗಾರೆ ಮೇಸ್ತ್ರಿ. ಲಿಂಗಸುಗೂರಿನ ಕಡೆಯವರು, ಗುಡಿ, ವಾಡೆಗಳ ದುರಸ್ತಿ ಮಾಡಿಕೊಂಡಿದ್ದವರು, ಈಗ ಮಗನ ಮನೆಯಲ್ಲಿ ಆರಾಮಾಗಿದ್ದಾರೆ. ಅಣ್ಣ ಅವರನ್ನು ಕರೆತಂದದ್ದು ಸುಣ್ಣ ಎಲ್ಲಿ ಅಗ್ಗ ಎಂದು ಕೇಳಲು. ಅವರು ಮಿಕ್ಸರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನ ಮಿಶ್ರಣವನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, “ಇದು ಸುರ್ಕಿ ಗಾರೆಯ ಜಾತಿಯದೇ ತಂಗಿ. ನಾವು ಸುಟ್ಟ ಇಟ್ಟಂಗಿಯ ಪುಡಿ ಹಾಕುತ್ತಿದ್ದೆವು, ನೀನು ಬೂದಿ ಹಾಕಿದ್ದೀಯ. ಗಾಣದಲ್ಲಿ ಅರೆಯುತ್ತಿದ್ದೆವು, ನಿನಗೆ ಮೋಟಾರು ಇದೆ” ಎಂದರು. ಸುಟ್ಟ ಮಣ್ಣಿನ ಪುಡಿಯಲ್ಲೂ ಸುಣ್ಣದೊಡನೆ ಕೂಡುವ ಇದೇ ಗುಣವಿದೆ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣ ಸುರ್ಕಿಯ ಗಾರೆಯಲ್ಲೇ, ಅದು ಇಂದಿಗೂ ನೀರು ಹೊತ್ತು ನಿಂತಿದೆ. “ಗಾರೆ ಎಷ್ಟು ದಿನಕ್ಕೆ ಗಟ್ಟಿಯಾಗುತ್ತಿತ್ತು ಕಾಕಾ?” ಎಂದು ಕೇಳಿದೆ. “ಯಾರಿಗೆ ಅವಸರವಿತ್ತು?” ಎಂದು ನಕ್ಕರು.

ಆದರೆ ಸುಣ್ಣದ ಲೆಕ್ಕ ಹಾಕಿದಾಗ ಇನ್ನೊಂದು ಗಂಟು ಕಂಡಿತು. ಸುಣ್ಣವೂ ಸುಣ್ಣಕಲ್ಲನ್ನು ಸುಟ್ಟೇ ಬರುವುದು. ಒಂದು ಕಿಲೋ ಅರಳಿದ ಸುಣ್ಣಕ್ಕೆ ಕಲ್ಲಿನಿಂದಲೇ ಸುಮಾರು 600 ಗ್ರಾಂ ಇಂಗಾಲದ ಡೈಆಕ್ಸೈಡ್ ಹೋಗಿರುತ್ತದೆ, ಭಟ್ಟಿಯ ಉರುವಲಿನದು ಅದರ ಮೇಲೆ. ಮೂರು ಕಿಲೋ ಇಟ್ಟಿಗೆಗೆ ಶೇ 10ರಂತೆ 300 ಗ್ರಾಂ ಸುಣ್ಣ ಹಾಕಿದರೆ 180 ಗ್ರಾಂ ಆಗಲೇ ಆಯಿತು. ಉರುವಲು ಸೇರಿದರೆ ಶೇ 8ರ ಸಿಮೆಂಟ್ ಇಟ್ಟಿಗೆಗಿಂತ ಕಡಿಮೆಯೇನಿಲ್ಲ. ಸಿಮೆಂಟಿನ ಬದಲು ಹೊಸದಾಗಿ ಸುಟ್ಟ ಸುಣ್ಣ ಹಾಕಿ ‘ಕಡಿಮೆ ಇಂಗಾಲ’ ಎನ್ನುವವರು ಈ ಗುಣಾಕಾರವನ್ನು ಒಮ್ಮೆ ಮಾಡಬೇಕು. ಇಟ್ಟಿಗೆಯೊಳಗಿನ ಸುಣ್ಣ ಗಾಳಿಯಿಂದ ಒಂದಿಷ್ಟನ್ನು ಮರಳಿ ಹೀರಿಕೊಳ್ಳುತ್ತದೆ ನಿಜ. ಆದರೆ ಬೂದಿಯೊಡನೆ ಕೂಡಿ ಗಟ್ಟಿಯಾಗಲೆಂದು ಹಾಕಿದ ಸುಣ್ಣದಿಂದ ಅದನ್ನು ಪೂರ್ತಿ ನಿರೀಕ್ಷಿಸುವುದು ಸರಿಯಲ್ಲ.

ಹಾಗಾದರೆ ಬೂದಿಯಂತೆ ಸುಣ್ಣವೂ ಯಾರಿಗೋ ಬೇಡವಾದದ್ದೇ ಆಗಬೇಕು. ಅಂಥದೊಂದು ಇದೆ. ವೆಲ್ಡಿಂಗಿಗೆ ಬಳಸುವ ಅಸಿಟಿಲೀನ್ ಅನಿಲವನ್ನು ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿ ತೆಗೆಯುತ್ತಾರೆ. ಅನಿಲ ಹೋದ ಮೇಲೆ ತೊಟ್ಟಿಯ ತಳದಲ್ಲಿ ಉಳಿಯುವುದು ಸುಣ್ಣದ ಕೆಸರು. ಹೈದರಾಬಾದ್ ಕಡೆಯ ಒಂದು ಘಟಕ ಅದನ್ನು ಹೊರಗೆ ಹಾಕಲು ಜಾಗವಿಲ್ಲದೆ ಒದ್ದಾಡುತ್ತಿತ್ತು. ಮೊದಲ ಲೋಡು ಬಂದಿಳಿದಾಗ ನೋಡಬೇಕಿತ್ತು: ಗಟ್ಟಿ ಮೊಸರಿನಂಥ ಬೂದುಬಿಳುಪಿನ ರಾಡಿ, ಬೆಳ್ಳುಳ್ಳಿಯ ಹಾಗಿನ ಗಪ್ಪೆನ್ನುವ ನಾತ. ಆಳುಗಳು ಮೂಗು ಮುಚ್ಚಿಕೊಂಡರು. ಅನಿಲದ ಅಂಶ ಉಳಿದಿರಬಹುದೆಂದು ರಾಶಿಯನ್ನು ಬಯಲಲ್ಲಿ ತೆಳ್ಳಗೆ ಹರಡಿಸಿ, ಸುತ್ತಮುತ್ತ ಬೀಡಿ ಸೇದಕೂಡದೆಂದು ಕಟ್ಟುನಿಟ್ಟು ಮಾಡಿದೆವು. ಇದು ಕೈ ಸುಡುವ ಸುಣ್ಣ. ರಬ್ಬರ್ ಕೈಗವಸು, ಬೂಟು, ಕನ್ನಡಕ ಇಲ್ಲದೆ ಯಾರನ್ನೂ ಮುಟ್ಟಗೊಡಲಿಲ್ಲ. ಲೋಡಿನಲ್ಲಿ ನೀರಿನ ತೂಕವೇ ಜಾಸ್ತಿ ಇದ್ದುದರಿಂದ, ಆಮೇಲಿನ ಲೋಡುಗಳನ್ನು ಅಲ್ಲಿಯೇ ಬಸಿದು ಒಣಗಿಸಿ ತುಂಬುವಂತೆ ಒಪ್ಪಿಸಿದೆವು. ಡೀಸೆಲ್ ಸುಟ್ಟು ನೀರು ಹೊರುವುದರಲ್ಲಿ ಏನರ್ಥ?

ಈ ಸುಣ್ಣಕ್ಕೆ ಇನ್ನೊಂದು ಚಾಳಿ ಇದೆ. ಹೆಚ್ಚು ದಿನ ಗಾಳಿಗೆ ಬಿಟ್ಟರೆ ಅದು ಮತ್ತೆ ಸುಣ್ಣಕಲ್ಲೇ ಆಗಿಬಿಡುತ್ತದೆ, ಬೂದಿಯೊಡನೆ ಕೂಡುವ ಶಕ್ತಿ ಹೋಗುತ್ತದೆ. ಕಣ್ಣಿಗೆ ಎರಡೂ ಒಂದೇ ಬಿಳಿ ಪುಡಿ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೋಡಬೇಕು. ನೊರೆನೊರೆಯಾಗಿ ಉಕ್ಕಿದರೆ ಅದು ಕಲ್ಲಾಗಿದೆ; ಸುಮ್ಮನೆ ಕರಗಿದರೆ ಸುಣ್ಣ ಜೀವಂತ. ಈಗ ಪ್ರತಿ ಲೋಡಿನ ಮೇಲ್ಪದರಕ್ಕೂ ಒಳಪದರಕ್ಕೂ ಹನಿ ಬಿಡದೆ ಮಿಕ್ಸರಿಗೆ ಹಾಕುವುದಿಲ್ಲ. ಅನಿಲದ ವಾಸನೆ ಹೋದ ಮೇಲೆ ಒಣಗಿದ ಪುಡಿಯನ್ನು ಜರಡಿ ಹಿಡಿದು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡುತ್ತೇವೆ.

ಜಿಪ್ಸಂ ಕೂಡ ಗಣಿಯದಲ್ಲ, ಫಾಸ್ಫೇಟ್ ಗೊಬ್ಬರದ ಕಾರ್ಖಾನೆಗಳಲ್ಲಿ ಉಳಿಯುವ ಜಿಪ್ಸಂ. ನಾವು ನಿಂತ ಅಳತೆ ಹೆಚ್ಚು ಕಡಿಮೆ ಹೀಗೆ: ಹಾರುಬೂದಿ ಶೇ 58, ಒಣಗಿಸಿದ ಸುಣ್ಣ ಶೇ 12, ಜಿಪ್ಸಂ ಶೇ 4, ಉಳಿದದ್ದು ಕ್ರಷರ್ ಪುಡಿ. ಬೂದಿಯ ಲೋಡು ಬದಲಾದಾಗ ಸುಣ್ಣ ಒಂದೆರಡು ಅಂಶ ಆಚೀಚೆಯಾಗುತ್ತದೆ. ಸಿಮೆಂಟ್ ಇಟ್ಟಿಗೆಗಿಂತ ಇದನ್ನು ಮಿಕ್ಸರಿನಲ್ಲಿ ಹೆಚ್ಚು ಹೊತ್ತು ಅರೆಯಬೇಕು. ಕಾಕಾ ಗಾಣದ ಮಾತೆತ್ತಿದ್ದು ಸುಮ್ಮನಲ್ಲ.

ಪ್ರೆಸ್ಸಿನಿಂದ ಹೊರಬಂದ ಸುಣ್ಣದ ಇಟ್ಟಿಗೆ ತೀರಾ ನಾಜೂಕು. ಮರುದಿನ ಎತ್ತಿದರೆ ಅಂಚು ಕೈಯಲ್ಲೇ ಉದುರುತ್ತದೆ. ಹಲಗೆಯ ಮೇಲೆಯೇ ಹೆಚ್ಚು ಕಾಲ ಬಿಡಬೇಕು, ಅಂದರೆ ಹೆಚ್ಚು ಹಲಗೆ ಬೇಕು, ಹೆಚ್ಚು ನೆರಳು ಬೇಕು. ಇದು ಆಳುಗಳ ಹೊಟ್ಟೆಯ ಪ್ರಶ್ನೆಯೂ ಆಯಿತು. ನಮ್ಮಲ್ಲಿ ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಮಿಕ್ಸರ್ ಹೆಚ್ಚು ತಿರುಗಿ, ಹಲಗೆ ಖಾಲಿಯಾಗದೆ, ದಿನದ ಎಣಿಕೆ ಇಳಿದಾಗ ಬಿಹಾರದಿಂದ ಬಂದ ತಂಡದ ಮುಖಂಡ ಗಂಟುಮೂಟೆ ಕಟ್ಟುವ ಮಾತಾಡಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಇಂಗಾಲ ಉಳಿಸಿದ್ದಕ್ಕೆ ಅವನಿಗೆ ಯಾರು ಕೂಲಿ ಕೊಡುತ್ತಾರೆ? ಸುಣ್ಣದ ಇಟ್ಟಿಗೆ ಮಾಡುವ ದಿನಗಳಿಗೆ ದಿನಗೂಲಿ ಎಂದು ಒಪ್ಪಂದವಾದ ಮೇಲೆ ಕೆಲಸ ಮುಂದುವರಿಯಿತು. ಆ ಖರ್ಚು ಇಟ್ಟಿಗೆಯ ಬೆಲೆಗೆ ಸೇರಿದೆ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಟ್ಟಿಯ ಆರೈಕೆ. ಬೂದಿಗೂ ಸುಣ್ಣಕ್ಕೂ ಸಂಬಂಧ ಕೂಡಲು ಮೂರು ಬೇಕು: ತೇವ, ಶಾಖ, ಕಾಲ. ಹಾರುಬೂದಿಗೆ ಸುಣ್ಣದೊಡನೆ ಕೂಡುವ ಶಕ್ತಿ ಎಷ್ಟಿದೆ ಎಂದು ಪರೀಕ್ಷಿಸುವಾಗ ಪ್ರಯೋಗಾಲಯದಲ್ಲಿ ಸಣ್ಣ ಘನಗಳನ್ನು 50 ಡಿಗ್ರಿ ಶಾಖದಲ್ಲಿ, ತೇವ ಆರದಂತೆ ಇಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸುಣ್ಣ-ಹಾರುಬೂದಿಯ ಅಚ್ಚುಗಳಿಗೆ 80 ಡಿಗ್ರಿಯ ಹಬೆ ಕೊಟ್ಟು, ವಾರಗಟ್ಟಲೆ ಬರಬೇಕಾದ ಬಲವನ್ನು ಬೇಗ ತರಿಸಿ ತೋರಿಸಿದ್ದಾರೆ. ನಮಗೆ ಹಬೆಯ ಬಾಯ್ಲರ್ ಇಡುವ ತಾಕತ್ತಿಲ್ಲ, ಇಟ್ಟರೆ ಅದಕ್ಕೂ ಉರುವಲು ಬೇಕು. ಆದರೆ ರಾಯಚೂರಿನಲ್ಲಿ ಏಪ್ರಿಲ್ ಮೇ ಇದೆಯಲ್ಲ! ನೆರಳಲ್ಲೇ 42–43 ಡಿಗ್ರಿ ಸುಡುವ ಊರು ನಮ್ಮದು. ಅಟ್ಟಿಗೆ ಚೆನ್ನಾಗಿ ನೀರುಣಿಸಿ, ಕರಿಯ ತಾಡಪತ್ರಿಯನ್ನು ನೆಲದವರೆಗೆ ಹೊದಿಸಿ, ಅಂಚಿಗೆ ಕಲ್ಲು ಹೇರಿದೆವು. ಒಳಗೆ ಸಿಕ್ಕಿಸಿದ ತಾಪಮಾಪಕ ಮಧ್ಯಾಹ್ನ 50 ದಾಟುತ್ತಿತ್ತು. ಸಂಜೆ ಅಂಚು ಎತ್ತಿದರೆ ಬಿಸಿ ಆವಿ ಮುಖಕ್ಕೆ ಹೊಡೆಯುತ್ತಿತ್ತು, ತಾಡಪತ್ರಿಯ ಒಳಮೈಯಲ್ಲಿ ಹನಿ ಸಾಲುಗಟ್ಟಿರುತ್ತಿದ್ದವು. ಎಲ್ಲರೂ ಶಪಿಸುವ ಬಿಸಿಲು ಈ ಒಂದು ಕೆಲಸಕ್ಕೆ ಪುಕ್ಕಟೆ ಒದಗಿತು, ನೀರೂ ಕಡಿಮೆ ಸಾಕಾಯಿತು. ಡಿಸೆಂಬರಿನಲ್ಲಿ ಮಾಡಿದ ಅಟ್ಟಿಗಳು ಇದೇ ಬಲಕ್ಕೆ ಬರಲು ಬಹಳ ಹೆಚ್ಚು ಕಾಲ ತೆಗೆದುಕೊಂಡವು.

ಇಷ್ಟರಲ್ಲಿ ಉಮಿಯ ಬೂದಿ ತಲೆಹೊಕ್ಕಿತು. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು, ಗಂಗಾವತಿ, ಮಾನ್ವಿ ಎಲ್ಲ ಭತ್ತದ ನಾಡು. ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೋ ಉಮಿ, ಅದನ್ನು ಸುಟ್ಟರೆ 4 ಕಿಲೋ ಬೂದಿ. ಗಿರಣಿಗಳು ಉಮಿಯನ್ನು ಬಾಯ್ಲರಿಗೆ ಹಾಕಿ ಭತ್ತ ಕುದಿಸುತ್ತವೆ, ಬೂದಿಯನ್ನು ಹಿತ್ತಲಲ್ಲಿ ಸುರಿಯುತ್ತವೆ. ಚೆನ್ನಾಗಿ ಸುಟ್ಟ ಉಮಿ ಬೂದಿಯಲ್ಲಿ ಶೇ 85–90ರಷ್ಟು ಸಿಲಿಕಾ. ಭತ್ತದ ಗಿಡ ಮಣ್ಣಿನಿಂದ ಹೀರಿ ಸಿಪ್ಪೆಯಲ್ಲಿ ಕೂಡಿಟ್ಟದ್ದು ಅದು. ಆದರೆ ಆ ‘ಚೆನ್ನಾಗಿ’ ಬಹಳ ಇಕ್ಕಟ್ಟಿನ ಹಾದಿ. 500ರಿಂದ 700 ಡಿಗ್ರಿಯೊಳಗೆ ಸುಟ್ಟರೆ ಸಿಲಿಕಾ ಸುಣ್ಣದೊಡನೆ ಚುರುಕಾಗಿ ಕೂಡುತ್ತದೆ. ಶಾಖ ತೀರಾ ಏರಿದರೆ ಹರಳುಗಟ್ಟಿ ಜಡವಾಗುತ್ತದೆ; ಆ ದೂಳು ಶ್ವಾಸಕೋಶಕ್ಕೂ ಕೆಡುಕು. ಕಡಿಮೆ ಸುಟ್ಟರೆ ಇದ್ದಿಲು. ಗಿರಣಿಯವರು ಸುಡುವುದು ಭತ್ತಕ್ಕಾಗಿ, ನಮಗಾಗಿ ಅಲ್ಲ. ಬಾಯ್ಲರಿನ ಬಾಗಿಲು ಯಾವಾಗ ತೆರೆದರು, ಉಮಿ ಒದ್ದೆಯಿತ್ತೇ ಎಂಬುದರ ಮೇಲೆ ಬೂದಿಯ ಗುಣ.

ಸಿಂಧನೂರಿನ ಒಂದು ಗಿರಣಿಯ ಹಿತ್ತಲಲ್ಲಿ ನಾನು ಬಗ್ಗಿ ನೋಡಿದ ರಾಶಿ ಮೇಲೆ ಕಪ್ಪು, ಒಳಗೆ ಬೂದುಬಣ್ಣ, ನಡುವೆ ಬಿಳಿಯ ಪದರ. ತುಳಿದರೆ ಕರಕರ ಎನ್ನುತ್ತದೆ. ಹೊಟ್ಟಿನ ಆಕಾರ ಕೂಡ ಅಳಿದಿರುವುದಿಲ್ಲ. ಗಿರಣಿಯ ಮಾಲೀಕರಿಗೆ ಅಚ್ಚರಿ. “ಒಯ್ಯಿರಿ ತಂಗಿ, ದುಡ್ಡು ಯಾಕೆ ಕೇಳಲಿ? ಮಳೆಗಾಲದಲ್ಲಿ ಕಾಲುವೆಗೆ ಹರಿದು ಬೈಗುಳ ತಿನ್ನುವುದು ತಪ್ಪಿತು” ಎಂದರು. ಮೂರೂ ಪದರಗಳನ್ನು ಬೇರೆ ಬೇರೆ ಚೀಲದಲ್ಲಿ ತಂದು ಕಾಲೇಜಿನ ಪ್ರಯೋಗಾಲಯದ ಕುಲುಮೆಯಲ್ಲಿ ಸುಡಿಸಿ ತೂಗಿಸಿದೆ. ಕಪ್ಪು ಪದರದಲ್ಲಿ ತೂಕ ಎಷ್ಟು ಇಳಿಯಿತೆಂದರೆ ಅದು ಒಲೆಗೇ ಲಾಯಕ್ಕು. ಬೂದುಬಣ್ಣದ ಪದರ ಪಾಸು. ಈಗಲೂ ಗಿರಣಿಯಲ್ಲಿ ರಾಶಿಯ ಆ ಒಳಪದರದಿಂದಲೇ ತುಂಬಿಸುತ್ತೇವೆ.

ಉಮಿ ಬೂದಿಯನ್ನು ಹಾಗೆಯೇ ಹಾಕುವಂತಿಲ್ಲ. ಕಣ ದೊಡ್ಡದು, ಮೈಯೆಲ್ಲ ತೂತು. ನೀರನ್ನು ಕುಡಿದು ಮಿಶ್ರಣವನ್ನು ಒಣಗಿಸಿಬಿಡುತ್ತದೆ, ಮುಷ್ಟಿಯ ಪರೀಕ್ಷೆಯೂ ಕೈಕೊಡುತ್ತದೆ. ಅಂಗೈಗೆ ಒಣಗಿದಂತೆ ಕಂಡದ್ದು ಪ್ರೆಸ್ಸಿನ ಒತ್ತಡಕ್ಕೆ ನೀರು ಬಿಡುತ್ತದೆ. ಗುಂಡು ಹಾಕಿ ಅರೆಯುವ ಸಣ್ಣ ಬಾಲ್ ಮಿಲ್ಲನ್ನು ಮುಚ್ಚಿ ಬೀಳುವ ಸ್ಥಿತಿಯಲ್ಲಿದ್ದ ಒಂದು ಹೆಂಚಿನ ಪುಡಿಯ ಘಟಕದಿಂದ ಕೊಂಡು ತಂದೆವು. ಅರೆದ ಮೇಲೆ ಅದು ಹಾರುಬೂದಿಗಿಂತ ಚುರುಕು. ಅರೆಯುವವನು ಮುಖಗವಸು ಇಲ್ಲದೆ ಒಳಗೆ ಕಾಲಿಡಕೂಡದು. ಬಟ್ಟೆಯ ತುಂಡು ಕಟ್ಟಿಕೊಂಡರೆ ಸಾಲದು, ದೂಳು ತಡೆಯುವ ಗವಸೇ ಬೇಕು. ಹಾರುಬೂದಿಯಲ್ಲಿ ಶೇ 5ರಷ್ಟನ್ನು ಉಮಿ ಬೂದಿಗೆ ಬಿಟ್ಟುಕೊಟ್ಟಾಗ ಮೊದಲ ವಾರದ ಬಲ ಕಣ್ಣಿಗೆ ಕಾಣುವಂತೆ ಏರಿತು, ಅಂಚು ಉದುರುವುದು ತಗ್ಗಿತು. ಅದಕ್ಕಿಂತ ಹೆಚ್ಚಿಸಿದಾಗ ನೀರು ಜಾಸ್ತಿ ಬೇಡಿ ಲಾಭ ಅಲ್ಲಿಗಲ್ಲಿಗೇ ಆಯಿತು. ಅರೆಯುವ ವಿದ್ಯುತ್ತಿನ ಲೆಕ್ಕವನ್ನೂ ಸೇರಿಸಿದರೆ ಶೇ 5 ಸಾಕು.

ಕಾಲೇಜಿನಲ್ಲಿ ಒತ್ತಿ ಮುರಿದಾಗ ಬಿಸಿಲಿನ ಅಟ್ಟಿಯ ಇಟ್ಟಿಗೆಗಳು 28 ದಿನಕ್ಕೆ 7.5 ದರ್ಜೆಯನ್ನು (ಚದರ ಮಿಲಿಮೀಟರಿಗೆ 7.5 ನ್ಯೂಟನ್ ಒತ್ತಡ ತಾಳುವ ಬಲ) ಆರಾಮಾಗಿ ದಾಟಿದವು. ಸಾಧಾರಣ ಮನೆಯ ಗೋಡೆಗೆ ಅದು ಬೇಕಾದಷ್ಟು. ಒಂದು ದಿನ ನೀರಲ್ಲಿ ಮುಳುಗಿಸಿ ತೂಗಿದಾಗ ಹೀರಿದ ನೀರು ಮಾನಕದ ಶೇ 20ರ ಮಿತಿಯೊಳಗೇ ಇತ್ತು. ಅದೇ ಅಟ್ಟಿಯ ಇಟ್ಟಿಗೆಗಳನ್ನು ಮೂರು ತಿಂಗಳ ಮೇಲೆ ಮುರಿಸಿದರೆ ಬಲ ಇನ್ನೂ ಏರಿತ್ತು. ಇಟ್ಟಿಗೆಗೆ ಇಷ್ಟು ಗ್ರಾಂ ಎಂದು ಬರೆಯುವಾಗ ನಾನು ಬೂದಿ, ಕಾರ್ಬೈಡ್ ಸುಣ್ಣ, ಜಿಪ್ಸಂಗಳು ಹುಟ್ಟುವಾಗ ಎದ್ದ ಹೊಗೆಯನ್ನು ಅವನ್ನು ಹುಟ್ಟಿಸಿದವರ ಖಾತೆಗೇ ಬಿಟ್ಟಿದ್ದೇನೆ. ನಮ್ಮ ಖಾತೆಯಲ್ಲಿ ಲಾರಿ, ಮೋಟಾರು, ಬಾಲ್ ಮಿಲ್ ಇವೆ. ಹೀಗೆ ಖಾತೆ ಬೇರೆ ಮಾಡುವುದನ್ನು ಒಪ್ಪದವರೂ ಇದ್ದಾರೆ. ಕಲ್ಲಿದ್ದಲು ಉರಿಸುವವರೆಗೆ ಮಾತ್ರ ಈ ಬೂದಿ ಎಂಬ ಅವರ ತಕರಾರಿನಲ್ಲಿ ಹುರುಳಿದೆ.

ಮಾರುವುದು ಬೇರೆಯೇ ಸಾಹಸ. ಮೇಸ್ತ್ರಿಗಳ ದೂರು ಎಂದರೆ ಬೂದಿ ಇಟ್ಟಿಗೆಯ ಮೈ ನುಣುಪು, ಗಿಲಾಯಿ ಹಿಡಿಯುವುದಿಲ್ಲ ಎಂದು. ಕೆಂಪು ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಸಿ ಕಟ್ಟುವ ರೂಢಿಯಲ್ಲೇ ಇದನ್ನೂ ನೆನೆಸಿದರೆ ಇಟ್ಟಿಗೆ ತೇಲಾಡಿ ಸಾಲು ಜಾರುತ್ತದೆ. ಮೈಮೇಲೆ ನೀರು ಚಿಮುಕಿಸಿದರೆ ಸಾಕು, ಸಂದುಗಳನ್ನು ಸ್ವಲ್ಪ ಒಳಕ್ಕೆ ಕೆರೆದು ಬಿಟ್ಟರೆ ಗಿಲಾಯಿ ಹಿಡಿಯುತ್ತದೆ. ಹೊಸ ಗಿರಾಕಿಯ ಮೊದಲ ಲೋಡಿನ ಜೊತೆ ಕಾಕಾರನ್ನೇ ಕಳಿಸುತ್ತೇವೆ. ಅವರು ಎರಡು ಸಾಲು ಕಟ್ಟಿ ತೋರಿಸಿದರೆ ಅಲ್ಲಿನ ಮೇಸ್ತ್ರಿ ಎದುರಾಡುವುದಿಲ್ಲ.

ಇನ್ನೊಂದು ತೊಡಕನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆಯ ಎಷ್ಟೋ ಕೆಂಪು ಇಟ್ಟಿಗೆ ಭಟ್ಟಿಗಳಲ್ಲಿ ಉರಿಯುವುದು ಕಲ್ಲಿದ್ದಲಲ್ಲ, ಉಮಿ. ಗಾಳಿಯ ಇಂಗಾಲವನ್ನೇ ಹೀರಿ ಬೆಳೆದ ಉಮಿಯ ಹೊಗೆಯನ್ನು ಕಲ್ಲಿದ್ದಲಿನ ಹೊಗೆಯ ಸಾಲಿಗೆ ಸೇರಿಸಲಾಗದು. ಅಂಥ ಭಟ್ಟಿಯ ಇಟ್ಟಿಗೆಯ ಮುಂದೆ ಇಂಗಾಲದ ಲೆಕ್ಕದಲ್ಲಿ ನಾನು ಎದೆಯುಬ್ಬಿಸಿ ನಿಲ್ಲಲಾರೆ, ಶೇ 12 ಸಿಮೆಂಟ್ ಇಟ್ಟಿಗೆಯನ್ನಂತೂ ಮುಂದಿಡಲಾರೆ. ಆದರೆ ಅಲ್ಲಿ ಹೋಗುತ್ತಿರುವುದು ಹೊಲದ ಮೇಲ್ಮಣ್ಣು. ಆ ಮಣ್ಣು ತೆಗೆದ ಗದ್ದೆಗಳನ್ನು ನೋಡಿದವರಿಗೆ ಬೇರೆ ವಾದ ಬೇಕಾಗಿಲ್ಲ.

ಈಗ ಎರಡೂ ಮಾಲು ಮಾಡುತ್ತೇವೆ. ಗುತ್ತಿಗೆದಾರರ ಸಿಮೆಂಟ್ ಇಟ್ಟಿಗೆ ನಿಂತಿಲ್ಲ. ಬ್ಯಾಂಕಿನ ಕಂತು ಅದರಿಂದಲೇ ಹೋಗುವುದು. ಆದರೆ ಅದಕ್ಕೂ ತಾಡಪತ್ರಿ ಹೊದಿಸಿ ಸಿಮೆಂಟನ್ನು ಶೇ 8ರಿಂದ ಮೇಲೇರಲು ಬಿಡುತ್ತಿಲ್ಲ. ಗುರುವಾರಕ್ಕೇ ಬೇಕೆನ್ನುವವರನ್ನು ಅಣ್ಣ ಪಕ್ಕದ ಘಟಕಕ್ಕೆ ಕಳಿಸಿ, ಆಮೇಲೆ ರಾತ್ರಿ ಊಟದ ಹೊತ್ತಿಗೆ ನನ್ನ ಮೇಲೆ ಗೊಣಗುತ್ತಾನೆ. ಸುಣ್ಣದ ಇಟ್ಟಿಗೆಯನ್ನು ಕೊಳ್ಳುವವರು ಸ್ವಂತ ಮನೆ ಕಟ್ಟಿಸುವವರು, ಅದರಲ್ಲೂ ಮೇಷ್ಟ್ರುಗಳು. ಪಾಯ ತೆಗೆಯುವ ಮೊದಲೇ ಬಂದು ಬರೆಸಿ ಹೋಗುತ್ತಾರೆ. ಅರ್ಧ ಹಣ ಮುಂಗಡ, ಎರಡು ತಿಂಗಳ ವಾಯಿದೆ. ಜೂನ್ ಹುಟ್ಟಿದ ಮೇಲೆ ಆರ್ಡರ್ ಹಿಡಿಯುವುದಿಲ್ಲ. ಮಾನ್ವಿಯ ಶಾಲೆಗೆ ಕಾಂಪೌಂಡ್ ಗೋಡೆಯಷ್ಟನ್ನು ಸುಣ್ಣದ ಇಟ್ಟಿಗೆಯಲ್ಲಿ ಕೊಟ್ಟೆವು. ಉಳಿದ ಕಟ್ಟಡಕ್ಕೆ ಅವರ ಗುತ್ತಿಗೆದಾರ ಕಾಯಲಿಲ್ಲ.